ಭೀಮಾ ಹೊಳ್ಯಾಗ ಹಡಗ ಬರೂದು ಯಾವಾಗ್ರಿ?

ಕುಸನೂರ ರಸ್ತೆಯ ಅಂಗಡಿ ಕಟ್ಟೆಗಳ ಮೇಲೆ ಹೊಸದೊಂದು ಚರ್ಚೆ ನಡೆದಿದೆ. ಚುನಾವಣೆಯದಲ್ಲ, ತೊಗರಿ ರೇಟಿನದೂ ಅಲ್ಲ. ಹಡಗಿನದು! ಯಾರದೋ ಮೊಬೈಲಿನಲ್ಲಿ ಈಜಿಪ್ತ ದೇಶದ ನೈಲ್ ನದಿಯ ಚಿತ್ರ ಬಂದಿದೆ. ಹಡಗಿನ ಮಾಳಿಗೆ ಮೇಲೆ ಕುರ್ಚಿ ಹಾಕಿಕೊಂಡು ಮಂದಿ ಆರಾಮಾಗಿ ಚಹಾ ಕುಡಿಯುತ್ತಿದ್ದಾರೆ. ಹಡಗು ದಂಡೆಗೆ ನಿಂತ ಕೂಡಲೇ ಎದುರಿಗೇ ಎರಡು ಸಾವಿರ ವರ್ಷದ ಗುಡಿ. ಕೈಯಲ್ಲಿ ಸಣ್ಣ ಬಾವುಟ ಹಿಡಿದ ಗೈಡು ಮುಂದೆ, ಮಂದಿ ಹಿಂದೆ. ಇದನ್ನು ನೋಡಿದ ಮೇಲೆ ಸುಮ್ಮನಿರುವುದು ಹೇಗೆ? “ಅಲ್ರಿ ಸಾವಕಾರ್ರೆ, ನಮಗೂ ಭೀಮಾ ಹೊಳಿ ಅದ, ದಂಡಿಗುಂಟ ಗುಡಿ ಅವ. ನಮಗ್ಯಾಕ ಹಡಗ ಇಲ್ಲ?” ಎಂಬುದು ಕಟ್ಟೆಯ ಪ್ರಶ್ನೆ.

ನಗಬೇಡಿರಿ. ನಗುವ ಮುಂಚೆ ಒಂದು ಸಂಗತಿ ಕೇಳಿರಿ. 2016ರಲ್ಲಿ ಪಾರ್ಲಿಮೆಂಟಿನಲ್ಲಿ ರಾಷ್ಟ್ರೀಯ ಜಲಮಾರ್ಗಗಳ ಕಾಯ್ದೆ ಪಾಸಾಯಿತು. ದೇಶದ ಒಟ್ಟು 111 ನೀರಿನ ದಾರಿಗಳು ರಾಷ್ಟ್ರೀಯ ಜಲಮಾರ್ಗಗಳಾದವು. ಆ ಯಾದಿಯಲ್ಲಿ ನಮ್ಮ ಭೀಮಾ ನದಿಯ ಹೆಸರೂ ಇದೆ. ಅಂದರೆ ಕಾಗದದ ಮೇಲೆ ಹಡಗು ಎಂದೋ ಹೊರಟಿದೆ. ಹೊಳಿಯಾಗ ಮಾತ್ರ ಇನ್ನೂ ಎಮ್ಮಿ ಈಸ್ಲಿಕ್ಕತ್ಯಾವ.

ಇನ್ನು ಗುಡಿಗಳ ಮಾತು. ಅದಕ್ಕೇನೂ ಬಡತನವಿಲ್ಲ. ಭೀಮಾಶಂಕರದಲ್ಲಿ ಹುಟ್ಟಿ, ಪಂಢರಪುರದಲ್ಲಿ ಚಂದ್ರಭಾಗೆ ಎನ್ನಿಸಿಕೊಂಡು, ಅಫಜಲಪುರ ತಾಲೂಕಿನ ಕಡೆಯಿಂದ ಈ ಹೊಳಿ ನಮ್ಮ ಜಿಲ್ಲೆಗೆ ಕಾಲಿಡುತ್ತದೆ. ದಂಡೆಯ ಮೇಲೆ ಘತ್ತರಗಿಯ ಭಾಗ್ಯವಂತಿ. ಆಮೇಲೆ ದೇವಲ ಗಾಣಗಾಪುರದ ದತ್ತ ಮಹಾರಾಜರ ಕ್ಷೇತ್ರ, ಅಲ್ಲೇ ಅಮರ್ಜಾ ನದಿ ಕೂಡುವ ಸಂಗಮ. ಇನ್ನೂ ಕೆಳಗೆ ಬಂದರೆ ಬಹಮನಿ ಸುಲ್ತಾನ ಫಿರೋಜ್ ಶಹಾ ಕಟ್ಟಿಸಿದ ಫಿರೋಜಾಬಾದು. ಈಗ ಅದು ಹಾಳುಬಿದ್ದ ಪಟ್ಟಣ. ಮೂರು ಕಡೆ ಕೋಟೆಗೋಡೆ, ನಾಲ್ಕನೇ ಕಡೆಗೆ ಭೀಮಾ ಹೊಳಿಯೇ ಕಾವಲು. ಅದನ್ನೂ ದಾಟಿದರೆ ಚಿತ್ತಾಪುರ ತಾಲೂಕಿನ ಸನ್ನತಿ. ಅಲ್ಲಿ ಚಂದ್ರಲಾಂಬಾ ತಾಯಿ, ಪಕ್ಕದಲ್ಲೇ ಕನಗನಹಳ್ಳಿಯ ಬೌದ್ಧ ಸ್ತೂಪ. ಒಂದೇ ಹೊಳಿಯ ದಂಡೆಗೆ ಶಕ್ತಿ, ದತ್ತ, ಸುಲ್ತಾನ, ಬುದ್ಧ. ನೈಲ್ ನದಿಯವರು ಇಷ್ಟು ಬಗೆ ತೋರಿಸಲಿ ನೋಡೋಣ!

ಹಾಗಾದರೆ ಹಡಗು ಯಾಕಿಲ್ಲ?

ನೈಲ್ ನದಿಯ ಹಡಗು ಹೇಗೆ ನಡೆಯುತ್ತದೆ ಅನ್ನುವುದನ್ನು ನೋಡಿದರೆ ಉತ್ತರ ಸಿಗುತ್ತದೆ. ಲಕ್ಸರ್‌ನಿಂದ ಆಸ್ವಾನ್‌ವರೆಗೆ ಸುಮಾರು 200 ಕಿಲೋಮೀಟರಿನ ದಾರಿ. ಥಾಮಸ್ ಕುಕ್ ಎಂಬ ಇಂಗ್ಲೆಂಡಿನ ಆಸಾಮಿ 1869ರಲ್ಲೇ ಈ ನದಿಯ ಮೇಲೆ ಯಾತ್ರಿಗಳನ್ನು ಸ್ಟೀಮರಿನಲ್ಲಿ ಕರೆದೊಯ್ದಿದ್ದ. ದಾರಿಯಲ್ಲಿ ಎಡ್ಫು ಊರಿನ ಗಿಡುಗ ದೇವರು ಹೋರಸನ ಗುಡಿ. ಮುಂದೆ ಕೋಮ್ ಒಂಬೊ. ಅಲ್ಲಿ ಒಂದೇ ಗುಡಿಯಲ್ಲಿ ಎರಡು ಗರ್ಭಗುಡಿ, ಒಂದು ಹೋರಸನಿಗೆ, ಇನ್ನೊಂದು ಮೊಸಳೆ ಮುಖದ ಸೋಬೆಕನಿಗೆ. ಗುಡಿ ನದಿಯ ದಂಡೆಯಲ್ಲೇ ಇದೆ, ಇಳಿದು ನಾಲ್ಕು ಹೆಜ್ಜೆ ಇಟ್ಟರಾಯಿತು.

ಇದೆಲ್ಲ ನಡೆಯುವುದು ಎರಡು ಕಾರಣಕ್ಕೆ. ಒಂದು, 1970ರಲ್ಲಿ ಮುಗಿದ ಆಸ್ವಾನ್ ಅಣೆಕಟ್ಟಿನಿಂದ ವರ್ಷವಿಡೀ ನೀರು ಅಳೆದು ಬಿಡುತ್ತಾರೆ, ಹೊಳಿ ಬತ್ತುವುದಿಲ್ಲ, ಉಕ್ಕುವುದೂ ಇಲ್ಲ. ಎರಡು, ನಡುವೆ ಎಸ್ನಾ ಎಂಬಲ್ಲಿ ಬ್ಯಾರೇಜು ಅಡ್ಡ ಬರುತ್ತದಲ್ಲ, ಅಲ್ಲಿ ಹಡಗು ದಾಟಿಸುವ ನೀರಿನ ಕೋಣೆ ಕಟ್ಟಿದ್ದಾರೆ. ಹಡಗು ಒಳಗೆ ಬಂದ ಮೇಲೆ ಬಾಗಿಲು ಹಾಕಿ, ನೀರು ತುಂಬಿಸಿ ಅಥವಾ ಇಳಿಸಿ, ಆ ಕಡೆ ಬಿಡುತ್ತಾರೆ.

ನಮ್ಮಲ್ಲಿ? ಮೇಲೆ ಮಹಾರಾಷ್ಟ್ರದಲ್ಲಿ ಉಜನಿ ಅಣೆಕಟ್ಟು 1980ರಿಂದ ನಿಂತಿದೆ. ಅವರು ಬಿಟ್ಟರೆ ನೀರು, ಬಿಡದಿದ್ದರೆ ಉಸುಕು. ಕೆಳಗೆ ಸೊನ್ನ, ಘತ್ತರಗಿ, ಗಾಣಗಾಪುರ, ಸರಡಗಿ, ಸನ್ನತಿ ಎಂದು ಸಾಲಾಗಿ ಬ್ಯಾರೇಜು. ಅವು ನೀರು ತಡೆಯಲು ಕಟ್ಟಿದವು, ದೋಣಿ ದಾಟಿಸಲು ಅಲ್ಲ. ನೀರು ತಡೆಯಲೇಬೇಕು ಅನ್ನಿರಿ. ಕಲಬುರಗಿಯ ನಳಕ್ಕೆ ಬೆಣ್ಣೆತೊರೆಯ ಜೊತೆಗೆ ಸರಡಗಿಯ ನೀರೂ ಬರಬೇಕಲ್ಲ. ಕುಡಿಯುವ ನೀರಿಗಿಂತ ಹಡಗು ದೊಡ್ಡದಲ್ಲ. ಬ್ಯಾಸಿಗ್ಯಾಗ ಗಾಣಗಾಪುರ ಸಂಗಮಕ್ಕೆ ಹೋದವರಿಗೆ ಗೊತ್ತು, ಮೀಯಲು ಮಡು ಹುಡುಕಿಕೊಂಡು ಹೋಗಬೇಕಾಗುತ್ತದೆ. ಮಳೆಗಾಲದಲ್ಲಿ ಇದರ ತಿರುಗಾಮುರುಗಾ. 2020ರ ಅಕ್ಟೋಬರದಲ್ಲಿ ಭೀಮೆ ಬಂದ ರೀತಿ ದಂಡೆಯ ಊರಿನವರು ಇನ್ನೂ ಮರೆತಿಲ್ಲ. ಒಟ್ಟಿನಲ್ಲಿ ಬ್ಯಾಸಿಗ್ಯಾಗ ದೋಣಿಗಿ ನೀರಿಲ್ಲ, ಮಳಿಗಾಲದಾಗ ನೀರಿಗಿ ದೋಣಿ ಇಳಿಸಂಗಿಲ್ಲ.

ಆದ್ದರಿಂದ ಘತ್ತರಗಿಯಲ್ಲಿ ಹತ್ತಿ ಸನ್ನತಿಯಲ್ಲಿ ಇಳಿಯುವ ಹಡಗಿನ ಕನಸನ್ನು ಸದ್ಯಕ್ಕೆ ಮಡಚಿ ಇಡುವುದೇ ಒಳ್ಳೆಯದು. ಯಾರಾದರೂ ಪುಢಾರಿಗಳು ಭಾಷಣದಲ್ಲಿ ಹಡಗು ಬಿಡುತ್ತೇವೆ ಎಂದರೆ, ಯಾವ ತಿಂಗಳಲ್ಲಿ ಬಿಡುತ್ತೀರಿ, ಯಾವ ಬ್ಯಾರೇಜಿನ ಮೇಲೆ ಹೊತ್ತು ದಾಟಿಸುತ್ತೀರಿ ಎಂದು ಎದ್ದು ನಿಂತು ಕೇಳಿರಿ.

ಅಕ್ಕನ ಗವಿಗೆ ಲಾಂಚು

ದೋಣಿಯಲ್ಲಿ ಕೂತು ದೇವಸ್ಥಾನ ನೋಡುವ ಆಸೆ ಇದ್ದವರು ನಿರಾಶರಾಗಬೇಕಾಗಿಲ್ಲ. ಈಜಿಪ್ತಕ್ಕೆ ಹೋಗುವ ಗರಜೂ ಇಲ್ಲ. ನಮ್ಮ ಭಾಗದವರು ಯುಗಾದಿಗೆ ಕಂಬಿ ಹೊತ್ತು ನಡೆದು ಹೋಗುವ ಶ್ರೀಶೈಲದಲ್ಲೇ ಅದು ಇದೆ. ಮಲ್ಲಯ್ಯನ ದರ್ಶನ ಮುಗಿಸಿ ಮೆಟ್ಟಿಲು ಇಳಿದೋ, ತೂಗುಗಾಡಿಯಲ್ಲಿ ಕೂತೋ ಪಾತಾಳಗಂಗೆಗೆ ಬಂದರೆ ಅಲ್ಲಿಂದ ಅಕ್ಕಮಹಾದೇವಿಯ ಗವಿಗೆ ಲಾಂಚು ಹೋಗುತ್ತದೆ. ನೀರಿನ ಮಟ್ಟ ಸರಿ ಇದ್ದಾಗ ಮಾತ್ರ. ಕೃಷ್ಣೆ ಅಲ್ಲಿ ಅಣೆಕಟ್ಟಿನ ಹಿನ್ನೀರಾಗಿ ನಿಂತು ಆಳವಾಗಿದ್ದಾಳೆ. ಎರಡೂ ಕಡೆ ನಲ್ಲಮಲದ ಗುಡ್ಡ, ಕಾಡು. ಲಾಂಚು ಇಳಿದ ಮೇಲೆ ಗುಡ್ಡ ಏರಬೇಕು. ಗವಿಯ ಬಾಯಿಗೆ ನಿಸರ್ಗವೇ ಮಾಡಿದ ಕಲ್ಲಿನ ಕಮಾನು. ಒಳಗೆ ಹೋಗ್ತಾ ಹೋಗ್ತಾ ದಾರಿ ಕಿರಿದಾಗಿ, ಕತ್ತಲಾಗಿ, ಕೊನೆಗೆ ಬಗ್ಗಿ ತೆವಳಿದರೆ ಒಂದು ಲಿಂಗ. ಉಡುತಡಿಯಿಂದ ಹೊರಟು ನಮ್ಮ ಪಕ್ಕದ ಕಲ್ಯಾಣಕ್ಕೆ ಬಂದು, ಅಲ್ಲಿಂದ ಶ್ರೀಶೈಲಕ್ಕೆ ಹೋದ ಅಕ್ಕ ಇಲ್ಲಿ ತಪಸ್ಸು ಮಾಡಿದಳು ಎಂಬ ನಂಬಿಕೆ. ಹೊಟ್ಟೆ ಮುಂದೆ ಬಂದ ವ್ಯಾಪಾರಸ್ಥರು ಆ ಕೊನೆಯ ಸಂದಿಯಲ್ಲಿ ನುಗ್ಗುವ ಮುಂಚೆ ಒಮ್ಮೆ ವಿಚಾರ ಮಾಡುವುದು ಕ್ಷೇಮ.

ಅದೇ ಪಾತಾಳಗಂಗೆಗೂ ನಮ್ಮ ಗಾಣಗಾಪುರಕ್ಕೂ ಒಂದು ನಂಟಿದೆ. ಗಾಣಗಾಪುರದಲ್ಲಿದ್ದ ನೃಸಿಂಹ ಸರಸ್ವತಿ ಸ್ವಾಮಿಗಳು ಕೊನೆಗೆ ಶ್ರೀಶೈಲಕ್ಕೆ ಹೋಗಿ, ಶಿಷ್ಯರು ಬಾಳೆ ಎಲೆಯ ಮೇಲೆ ಹೆಣೆದ ಹೂವಿನ ಆಸನದಲ್ಲಿ ಕೂತು ಕೃಷ್ಣೆಯಲ್ಲಿ ತೇಲಿ ಕದಳೀವನದ ಕಡೆ ಹೊರಟುಹೋದರು ಎಂದು ಗುರುಚರಿತ್ರೆ ಹೇಳುತ್ತದೆ. ಭೀಮಾ ದಂಡೆಯಿಂದ ಹೊರಟ ಯಾತ್ರೆ ಹೀಗೆ ಕೃಷ್ಣೆಯ ನೀರಿನ ಮೇಲೆ ಮುಗಿಯಿತು ಎಂಬುದು ದತ್ತ ಭಕ್ತರ ನಂಬಿಕೆ.

ಆಂಧ್ರದ ನಾಗಾರ್ಜುನಸಾಗರದಲ್ಲೂ ಇಂಥದೇ ಸವಾರಿ ಇದೆ. ಅಣೆಕಟ್ಟಿನಿಂದ ಮುಳುಗಡೆಯಾದ ಕಣಿವೆಯ ಬೌದ್ಧ ಅವಶೇಷಗಳನ್ನು ಎತ್ತಿ ಮೇಲೆ ಗುಡ್ಡದಲ್ಲಿ ಕೂಡಿಸಿದ್ದಾರೆ. ಗುಡ್ಡ ಈಗ ನಡುಗಡ್ಡೆ. ಅಲ್ಲಿಗೂ ಲಾಂಚಿನಲ್ಲೇ ಹೋಗಬೇಕು.

ಪುಟ್ಟಿಯ ಲೆಕ್ಕ

ದತ್ತ ಭಕ್ತರು ಗಾಣಗಾಪುರ ಮುಗಿಸಿ ರಾಯಚೂರ ಕಡೆಯ ಕುರುವಪುರಕ್ಕೂ ಹೋಗುತ್ತಾರೆ. ಶ್ರೀಪಾದ ಶ್ರೀವಲ್ಲಭರ ಆ ಸ್ಥಾನ ಕೃಷ್ಣೆಯ ನಡುಗಡ್ಡೆ. ಅಲ್ಲಿ ಪುಟ್ಟಿಯಲ್ಲಿ ಕೂಡುವುದು ಬಹಳ ಕಾಲದ ರೂಢಿ. ಪುಟ್ಟಿ ಅನ್ನಿ, ಹರಿಗೋಲು ಅನ್ನಿ, ತೆಪ್ಪ ಅನ್ನಿ, ಎಲ್ಲ ಅದೇ ದುಂಡನೆಯ ಬುಟ್ಟಿ. ಐನೂರು ವರ್ಷದ ಹಿಂದೆ ವಿಜಯನಗರಕ್ಕೆ ಬಂದಿದ್ದ ಪೋರ್ತುಗಲ್ಲಿನ ಡೊಮಿಂಗೊ ಪಾಯಸ್ ಆನೆಗೊಂದಿಯಲ್ಲಿ ಇದನ್ನೇ ನೋಡಿ ಬೆರಗಾಗಿ ಬರೆದಿಟ್ಟಿದ್ದಾನೆ. ಬೆತ್ತದ ಬುಟ್ಟಿಗೆ ಹೊರಗೆ ಚರ್ಮ, ಹದಿನೈದಿಪ್ಪತ್ತು ಜನ ಕೂಡಬಹುದು, ದನ ಕುದುರೆಗಳನ್ನೂ ದಾಟಿಸುತ್ತಾರೆ ಎಂದು. ಚರ್ಮ ಹೋಗಿ ತಾಡಪಾಲು, ಪ್ಲಾಸ್ಟಿಕ್ಕು ಬಂದಿದೆ, ಇನ್ನೇನೂ ಬದಲಾಗಿಲ್ಲ.

ಬದಲಾಗಬೇಕಾದ್ದು ಒಂದಿದೆ. 2020ರ ಆಗಸ್ಟಿನಲ್ಲಿ ಕೃಷ್ಣೆ ತುಂಬಿ ಹರಿಯುವಾಗ ಅದೇ ಭಾಗದ ಕುರ್ವಕಲಾ ನಡುಗಡ್ಡೆಯ ಜನ ಸಂತೆ ಮುಗಿಸಿ ಊರಿಗೆ ಬರುತ್ತಿದ್ದ ಹರಿಗೋಲು ಮಗುಚಿತು. ಎಲ್ಲರೂ ದಂಡೆ ಸೇರಲಿಲ್ಲ. ಅವರು ವಿಹಾರಕ್ಕೆ ಹೊರಟವರಲ್ಲ, ಉಪ್ಪು ಎಣ್ಣೆ ತರಲು ಹೋದವರು. ದೊಡ್ಡ ಲಾಂಚಾದರೆ ಭಯವಿಲ್ಲ ಎಂದೂ ತಿಳಿಯಬೇಡಿ. 2019ರ ಸೆಪ್ಟೆಂಬರ್ 15ರಂದು ಗೋದಾವರಿಯಲ್ಲಿ ಪಾಪಿಕೊಂಡಲು ಗುಡ್ಡ ನೋಡಲು ಹೊರಟ ಪ್ರವಾಸಿ ಲಾಂಚು ಪ್ರವಾಹಕ್ಕೆ ಸಿಕ್ಕಿ ಮುಳುಗಿ ಐವತ್ತರ ಸುಮಾರು ಜನ ಪ್ರಾಣ ಕಳೆದುಕೊಂಡರು. ಒಂದು ತಿಂಗಳಿಗೂ ಮೇಲೆ ಹೆಣಗಿ ಆ ಲಾಂಚನ್ನು ಮೇಲೆತ್ತಬೇಕಾಯಿತು.

ಹಳೆಯ 1917ರ ಕಾನೂನಿನ ಜಾಗದಲ್ಲಿ 2021ರಲ್ಲಿ ಒಳನಾಡಿನ ಹಡಗು ದೋಣಿಗಳಿಗೆ ಹೊಸ ಕಾಯ್ದೆ ಬಂದಿದೆ. ಯಂತ್ರವಿಲ್ಲದ ದೋಣಿಗಳ ಮಾತೂ ಅದರಲ್ಲಿದೆ. ಕಾಯ್ದೆ ದೆಹಲಿಯಲ್ಲಿ ಆಯಿತು, ಲೈಫ್ ಜಾಕೀಟು ದಂಡೆಗೆ ಬರಬೇಕು. ಗಾಣಗಾಪುರ ಸಂಗಮದಲ್ಲಾಗಲಿ ಮತ್ತೆಲ್ಲೇ ಆಗಲಿ, ಎಷ್ಟೇ ದೊಡ್ಡ ಹುಣ್ಣಿಮೆ ಇರಲಿ, “ಇನ್ನೊಬ್ರು ಬರ್ರಿ, ಇನ್ನೊಬ್ರು ಬರ್ರಿ” ಎಂದು ತುಂಬುವ ದೋಣಿಗೆ ಹತ್ತಬೇಡಿ. ಬಸ್ಸಿನ ಫುಟ್‌ಬೋರ್ಡಿನ ಮೇಲೆ ನಿಂತಂತೆ ಅಲ್ಲ ಅದು. ಬಸ್ಸು ನಿಂತರೆ ಇಳಿಯಬಹುದು.

ಸನ್ನತಿಯ ಕಲ್ಲು

ಈಗ ಮುಖ್ಯ ಮಾತಿಗೆ ಬರೋಣ. ನೈಲ್ ನದಿಯ ಮಂದಿ ಹಣ ಕೊಡುವುದು ಬರೀ ಹಡಗಿಗೆ ಅಲ್ಲ. ಬಾವುಟ ಹಿಡಿದು ಮುಂದೆ ನಡೆಯುತ್ತಾನಲ್ಲ, ಅವನಿಗೆ. ಈ ಕಂಬದ ಮೇಲೆ ಏನು ಬರೆದಿದೆ, ಈ ರಾಜ ಯಾರು, ಆ ಗೋಡೆ ಯಾಕೆ ಕಪ್ಪಾಗಿದೆ ಎಂದು ಹೇಳುವವನಿಗೆ. ಅವನಿಲ್ಲದಿದ್ದರೆ ಅದು ಕಲ್ಲು, ಅವನಿದ್ದರೆ ಕಥೆ.

ಸನ್ನತಿಗೆ ಕಲಬುರಗಿ ಕಡೆಯಿಂದ ಹೋಗುವವರು ಕಡಿಮೆಯಿಲ್ಲ. ಚಂದ್ರಲಾಂಬಾ ಎಷ್ಟೋ ಮನೆತನಗಳ ಕುಲದೇವತೆ. ದುಷ್ಟ ಸೇತುರಾಜನ ಮೇಲೆ ತಾಯಿ ಭ್ರಮರಗಳನ್ನು ಬಿಟ್ಟು ಸಂಹಾರ ಮಾಡಿದ ಕಥೆ ಅಜ್ಜಿಯಂದಿರ ಬಾಯಲ್ಲಿದೆ. ಬರುತ್ತಾರೆ, ಉಡಿ ತುಂಬುತ್ತಾರೆ, ಕಾಯಿ ಒಡೆಸುತ್ತಾರೆ, ಹೊಳಿ ನೋಡಿ ಬುತ್ತಿ ಬಿಚ್ಚಿ ಊಟ ಮಾಡಿ ಮರಳುತ್ತಾರೆ. ಅದೇ ಆವರಣದಲ್ಲಿ 1986ರಲ್ಲಿ ಏನು ನಡೆಯಿತು ಎಂದು ಕೇಳಿದರೆ ಹತ್ತರಲ್ಲಿ ಒಬ್ಬರೂ ಹೇಳಲಾರರು.

ನಡೆದದ್ದು ಇದು. ಚಂದ್ರಲಾಂಬಾ ಗುಡಿಯ ಆವರಣದಲ್ಲಿರುವ ಕಾಳಿಕಾ ಗುಡಿಯ ಮಾಳಿಗೆ 1986ರಲ್ಲಿ ಕುಸಿಯಿತು. ಕಲ್ಲು ಬಿದ್ದು ಕಾಳಿಯ ಮೂರ್ತಿ ಭಿನ್ನವಾಯಿತು. ಮೂರ್ತಿ ಸರಿಸಿ ನೋಡಿದರೆ ಅದರ ಕೆಳಗಿನ ಪೀಠದ ಕಲ್ಲಿನ ಮೇಲೆ ಅಕ್ಷರ! ಎರಡೂ ಮೈಗೆ ಅಕ್ಷರ. ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ. ಓದಿದಾಗ ತಿಳಿದದ್ದು, ಅದು ಸಾಮ್ರಾಟ ಅಶೋಕನ ಶಾಸನ, ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಳೆಯದು. ಯಾವ ಕಾಲದಲ್ಲೋ ಯಾರೋ, ಒಳ್ಳೇ ಹಾಸುಗಲ್ಲು ಸಿಕ್ಕಿತೆಂದು, ನಟ್ಟನಡುವೆ ಮೂರ್ತಿ ಕೂಡಿಸಲು ತೂತು ಕೊರೆದು, ಪೀಠ ಮಾಡಿದ್ದರು. ಆ ತೂತಿನಲ್ಲಿ ಹೋದ ಅಕ್ಷರ ಹೋದವು. ಆದರೆ ಇನ್ನೊಂದು ರೀತಿಯಿಂದ ನೋಡಿದರೆ ಪೀಠವಾಗಿದ್ದಕ್ಕೇ ಕಲ್ಲು ಉಳಿಯಿತು. ಇಲ್ಲದಿದ್ದರೆ ಎಂದೋ ಯಾರದೋ ಹೊಸ್ತಿಲಾಗಿ ಸವೆದು ಹೋಗುತ್ತಿತ್ತು.

ಆ ಕಲ್ಲಿನಲ್ಲಿ ಏನಿದೆ? ಅಶೋಕನ ಹದಿನಾಲ್ಕು ದೊಡ್ಡ ಶಾಸನಗಳಲ್ಲಿ 12ನೆಯದು ಮತ್ತು 14ನೆಯದು. ಅವುಗಳ ಜೊತೆಗೆ ಎರಡು ಪ್ರತ್ಯೇಕ ಶಾಸನಗಳು. ಈ ಪ್ರತ್ಯೇಕ ಶಾಸನಗಳು ಅದಕ್ಕೂ ಮೊದಲು ಸಿಕ್ಕಿದ್ದು ಕಳಿಂಗದಲ್ಲಿ, ಅಂದರೆ ಈಗಿನ ಒಡಿಶಾದ ಧೌಲಿ ಮತ್ತು ಜೌಗಡದಲ್ಲಿ ಮಾತ್ರ. ಯುದ್ಧ ಮಾಡಿ ಗೆದ್ದ ಕಳಿಂಗಕ್ಕೆ ಹೇಳಿದ ಮಾತನ್ನು ಅಶೋಕ ನಮ್ಮ ಭೀಮಾ ದಂಡೆಯಲ್ಲೂ ಯಾಕೆ ಬರೆಸಿದ ಎಂದು ಪಂಡಿತರು ತಲೆ ಕೆಡಿಸಿಕೊಂಡಿದ್ದಾರೆ.

12ನೇ ಶಾಸನದ ತಾತ್ಪರ್ಯ, ನಿನ್ನ ಮತವನ್ನು ಹೊಗಳುವ ಭರದಲ್ಲಿ ಇನ್ನೊಬ್ಬರ ಮತವನ್ನು ಹಳಿಯಬೇಡ, ಬಾಯಿಗೆ ಹಿಡಿತವಿರಲಿ ಎಂಬುದು. ಪ್ರತ್ಯೇಕ ಶಾಸನದಲ್ಲಿ ಅಧಿಕಾರಿಗಳಿಗೆ ತಾಕೀತು ಇದೆ. ಪ್ರಜೆಗಳೆಲ್ಲ ನನಗೆ ಮಕ್ಕಳಿದ್ದಂತೆ, ಕಾರಣವಿಲ್ಲದೆ ಯಾರನ್ನೂ ಸೆರೆಗೆ ಹಾಕಬೇಡಿ, ಕೆಲಸದಲ್ಲಿ ಸಿಟ್ಟು ಸೋಮಾರಿತನ ಬೇಡ ಎಂಬರ್ಥದ ಮಾತು. ನಮ್ಮ ಕಚೇರಿಗಳ ಮುಂದೆ ಸರತಿ ನಿಂತವರಿಗೆ ಈ ಕಲ್ಲಿನ ಒಂದು ನಕಲು ಅಲ್ಲೇ ಬಾಗಿಲಿಗೆ ಹಚ್ಚಿದ್ದರೆ ಚೆನ್ನಾಗಿತ್ತು ಎನ್ನಿಸಿದರೆ ತಪ್ಪಲ್ಲ. 14ನೆಯದರಲ್ಲಿ ರಾಜ ಇನ್ನೂ ಒಂದು ಮಾತು ಹೇಳಿದ್ದಾನೆ. ಕೆಲವು ಕಡೆ ಬರಹ ಅಪೂರ್ಣವಾಗಿದ್ದರೆ ಅದು ಲಿಪಿಕಾರನ ತಪ್ಪೂ ಇರಬಹುದು ಎಂದು. ಪತ್ರಿಕೆಯವರಿಗೆ ಇಂಥ ಧಣಿ ಸಿಗುವುದು ಕಷ್ಟ.

ಅಲ್ಲಿಂದ ಹತ್ತಿರವೇ ಕನಗನಹಳ್ಳಿ. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯವರು 1994ರಲ್ಲಿ ಅಗೆಯಲು ಶುರು ಮಾಡಿದರು. ದಿಬ್ಬದ ಹೊಟ್ಟೆಯಿಂದ ಹೊರಬಂದದ್ದು ಒಂದು ಮಹಾ ಸ್ತೂಪ, ಸುತ್ತಲೂ ಹಚ್ಚಿದ ಕೆತ್ತನೆಯ ಹಾಸುಗಲ್ಲುಗಳು. ನಮ್ಮ ಮನೆಗಳ ನೆಲಕ್ಕೆ ಹಾಸುವ ಶಹಾಬಾದಿ ಫರ್ಶಿಯ ಹಾಗೆ ಅದೂ ಸುಣ್ಣದಕಲ್ಲೇ. ಅದರ ಮೇಲೆ ಬುದ್ಧನ ಕಥೆಗಳು, ಶಾತವಾಹನ ರಾಜರು. ಒಂದು ಕಲ್ಲಿನಲ್ಲಿ ರಾಜನೊಬ್ಬ ರಾಣಿಯ ಜೊತೆ ನಿಂತಿದ್ದಾನೆ, ಹಿಂದೆ ಚಾಮರ ಹಿಡಿದ ದಾಸಿಯರು. ಪಕ್ಕದಲ್ಲಿ ಬ್ರಾಹ್ಮಿಯಲ್ಲಿ ‘ರಾಜ ಅಶೋಕ’ ಎಂಬರ್ಥದ ಎರಡು ಪದ. ದೇಶದಲ್ಲಿ ಅಶೋಕನ ಹೆಸರು ಬರೆದ ಅಶೋಕನ ಚಿತ್ರ ಸಿಕ್ಕಿದ್ದು ಎಂದು ಇತಿಹಾಸದವರು ಕುಣಿದಾಡಿದ ಜಾಗ ಇದು. ಆಣೆಯ ಶಾಸನ ಒಂದು ಊರಲ್ಲಿ, ಆಣೆ ಮಾಡಿದವನ ಮುಖ ಪಕ್ಕದ ಊರಲ್ಲಿ. ಆತ ತೀರಿಕೊಂಡ ಎಷ್ಟೋ ಕಾಲದ ಮೇಲೆ ಕೆತ್ತಿದ್ದು, ಮುಖ ನಿಜಕ್ಕೂ ಹಾಗೇ ಇತ್ತೋ ಇಲ್ಲವೋ ಬೇರೆ ಮಾತು.

ಕಲಬುರಗಿಯಿಂದ ಅರವತ್ತು ಚಿಲ್ಲರೆ ಕಿಲೋಮೀಟರಿನಲ್ಲಿ ಇಷ್ಟೆಲ್ಲ ಇಟ್ಟುಕೊಂಡು ನಮ್ಮ ಮಕ್ಕಳನ್ನು ಶಾಲೆಯ ಟ್ರಿಪ್ಪಿಗೆ ಇನ್ನೆಲ್ಲಿಗೋ ಕಳಿಸುತ್ತೇವೆ.

ಸಂಬಂಧಪಟ್ಟವರು ಮಾಡಬಹುದಾದ್ದು ದೊಡ್ಡದೇನಲ್ಲ. ಭಾನುವಾರಕ್ಕೊಂದು ಬಸ್ಸು. ಬೆಳಿಗ್ಗೆ ಕೇಂದ್ರ ಬಸ್ ನಿಲ್ದಾಣ ಬಿಟ್ಟು ಫಿರೋಜಾಬಾದು, ಸನ್ನತಿ, ಕನಗನಹಳ್ಳಿ ತೋರಿಸಿ ಸಂಜೆ ಮರಳಲಿ. ಅದರಲ್ಲಿ ಕಂಡಕ್ಟರನ ಜೊತೆಗೆ ವಿಷಯ ಬಲ್ಲ ಒಬ್ಬ ಗೈಡು ಇರಲಿ. 1980ರಿಂದ ಇಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯವಿದೆ, ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವೂ ಬಂದಿದೆ. ಇತಿಹಾಸ ಓದಿ ಕೆಲಸ ಹುಡುಕುತ್ತಿರುವ ಹುಡುಗ ಹುಡುಗಿಯರಿಗೆ ನಾಲ್ಕು ವಾರ ತರಬೇತಿ ಕೊಟ್ಟರೆ ನಮ್ಮ ಭಾಷೆಯಲ್ಲೇ, ನಮ್ಮ ಮಾತಿನಲ್ಲೇ ಹೇಳಿಯಾರು. 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸು ಪುಕ್ಕಟೆ ಆದ ಮೇಲೆ ಗಾಣಗಾಪುರದ ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ಅದರಲ್ಲಿ ಕಾಲು ಭಾಗ ಮಂದಿ ಸನ್ನತಿಗೆ ತಿರುಗಿದರೂ ಅಲ್ಲಿನ ಚಹಾದಂಗಡಿ, ಕಾಯಿ ಕರ್ಪೂರದಂಗಡಿಯವರು ನಾಲ್ಕು ಕಾಸು ಕಾಣುತ್ತಾರೆ.

ಇನ್ನು ದೋಣಿ ಬೇಕೇ ಬೇಕು ಅನ್ನುವವರಿಗೆ ಸನ್ನತಿ ಬ್ಯಾರೇಜಿನ ಹಿನ್ನೀರು ಇದೆ. ಮಳೆ ನಿಂತು ಹೊಳಿ ತಿಳಿಯಾದ ಮೇಲೆ, ನವೆಂಬರಿನಿಂದ ಜನವರಿವರೆಗೆ, ನೀರು ನಿಂತಲ್ಲೇ ಅರ್ಧ ತಾಸಿನ ಒಂದು ಸುತ್ತು. ಹೊಳಿಯ ನಡುವಿನಿಂದ ಗುಡಿ ನೋಡುವುದು ಬೇರೆಯೇ ಚೆಂದ. ಹುಟ್ಟು ಹಾಕಲು ದಂಡೆಯ ಅಂಬಿಗರೇ ಇದ್ದಾರೆ. ಸೇತುವೆ ಬರುವ ಮುಂಚೆ ಊರೂರು ದಾಟಿಸಿದ ಮನೆತನದವರು, ಚೌಡಯ್ಯನ ಪೈಕಿಯವರು. ಅವರಿಗೆ ಲೈಸೆನ್ಸು ಕೊಡಿ, ತಲೆಗೊಂದು ಜಾಕೀಟು ಕೊಡಿ, ಒಂದು ದೋಣಿಗೆ ಇಷ್ಟೇ ಜನ ಎಂದು ಬೋರ್ಡು ಬರೆಸಿ. ಹೊರಗಿನ ಗುತ್ತಿಗೆದಾರನಿಗೆ ಟೆಂಡರು ಕೊಟ್ಟು ಬಣ್ಣದ ಬಾತುಕೋಳಿ ದೋಣಿ ತಂದು ನಿಲ್ಲಿಸಿದರೆ ಎರಡು ವರ್ಷಕ್ಕೆ ಅದು ದಂಡೆಯಲ್ಲಿ ಮಕಾಡೆ ಬಿದ್ದಿರುತ್ತದೆ.

ಅಲ್ಲಿಯವರೆಗೆ ಹೋಗುವವರಿಗೆ ಒಂದೆರಡು ಮಾತು. ದೀಪಾವಳಿ ಮುಗಿದ ಮೇಲೆ ಹೊರಡಿ, ಶಿವರಾತ್ರಿಯೊಳಗೆ ಮುಗಿಸಿ, ಆಮೇಲೆ ಕಲ್ಲು ಕಾದು ಕಾಲು ಇಡಲಾಗುವುದಿಲ್ಲ. ನೀರಿನ ಬಾಟ್ಲಿ, ಬುತ್ತಿ ಜೊತೆಗಿರಲಿ. ಮೊದಲು ತಾಯಿಯ ದರ್ಶನ ಮಾಡಿ, ಆಮೇಲೆ ಕಾಳಿಕಾ ಗುಡಿ ಯಾವುದೆಂದು ಅಲ್ಲಿನವರನ್ನೇ ಕೇಳಿ, ಅಲ್ಲಿಂದ ಕನಗನಹಳ್ಳಿಗೆ ನಡೆಯಿರಿ. ಕೆತ್ತನೆಯ ಕಲ್ಲು ಮುಟ್ಟಬೇಡಿ, ಅದರ ಮೇಲೆ ಕುಂಕುಮ ಹಚ್ಚಬೇಡಿ. ರೈಲಿನಲ್ಲಿ ಹೋಗುವವರು ವಾಡಿ ದಾಟಿ ನಾಲವಾರದಲ್ಲಿ ಇಳಿಯಬೇಕು. ಅಲ್ಲಿಂದ ಸನ್ನತಿ ಇಪ್ಪತ್ತು ಕಿಲೋಮೀಟರಿನ ಆಸುಪಾಸು. ಮರಳುವ ಗಾಡಿ ಎಷ್ಟು ಹೊತ್ತಿಗೆಂದು ಇಳಿದ ಕೂಡಲೇ ಸ್ಟೇಶನ್ನಿನಲ್ಲಿ ಕೇಳಿಕೊಳ್ಳಿರಿ.